ಚಪ್ಪಾಳೆಗಿಂತ ಮುಂಚೆ

ನಮ್ಮ ದೊಡ್ಡಪ್ಪನ ಮಗ ಡ್ರಿಲ್ ಮೇಷ್ಟ್ರು. ಇದು ಅವನಿಗೇ ಆದದ್ದು. ಅವನ ಎದುರಿಗೆ ಮಾತ್ರ ಈ ಮಾತು ಎತ್ತಬೇಡಿ... ಇವತ್ತಿಗೂ ಎದ್ದು ಹೋಗಿಬಿಡ್ತಾನೆ.

ಆಗ ಅವನು ಕತ್ತಲಾಗೋವರೆಗೂ ಹುಡುಗರಿಗೆ ಓಟ ಕಲಿಸಿ, ಮೈದಾನದ ದೀಪ ಆರಿಸಿ, ಗೇಟಿಗೆ ಬೀಗ ಜಡಿದು ಮನೆಗೆ ನಡೀತಿದ್ದ. ಜೊತೆಗೆ ಕೆಂಚಿ ಅಂತ ಒಂದು ಹೆಣ್ಣುನಾಯಿ. ದಾರೀಲಿ ಒಂದು ಹಾಳುಬಾವಿ, ಅದರಾಚೆ ಆಲದ ಮರ.

ಅಣ್ಣನ ಕಿವಿ ಚುರುಕು, ಕೈ ಅದಕ್ಕಿಂತ ಚುರುಕು. ಓಟಕ್ಕೆ ಚಪ್ಪಾಳೆ ತಟ್ಟಿದಾಗ ಯಾವ ಹುಡುಗ ಕೂದಲೆಳೆಯಷ್ಟು ಮುಂಚೆ ಕಾಲೆತ್ತಿದ ಅನ್ನೋದು ಅವನಿಗೆ ಗೊತ್ತಾಗಿಬಿಡ್ತಿತ್ತು. ಎತ್ತಿದವನ ಮೀನಖಂಡಕ್ಕೆ ಬೆತ್ತದಲ್ಲಿ ಒಂದು ಬೀಳೋದು. ಪಕ್ಕದ ಮನೆ ಗಾರೆ ಕೆಲಸದವನ ಮಗನಿಗೂ ಹಾಗೇ ಬಿದ್ದು, ಬರೆ ಎದ್ದು, ಎರಡು ಮನೆಗೂ ಮಾತು ನಿಂತುಹೋಗಿತ್ತು.

ಬಾವಿ ಹತ್ರ ಬಂದಾಗ ಕೆಂಚಿಗೂ ಒಂದು ಪಾಠ ಇರ್ತಿತ್ತು. ಅದನ್ನ ಕೂರಿಸಿ, ಕಟ್ಟೆ ಮೇಲೆ ಬಗ್ಗಿ ಚಪ್ಪಾಳೆ ತಟ್ಟೋನು. ಚಟ್... ಬಾವಿ ತಳದಿಂದ ಅದು ತಿರುಗಿ ಬರೋದು. ಚಟ್. ಆ ಎರಡನೇ ಸದ್ದಿಗೆ ನಾಯಿ ಎದ್ದು ಆಲದ ಮರದವರೆಗೆ ಓಡಬೇಕು. ಅದು ಎಷ್ಟು ಪಳಗಿತು ಅಂದ್ರೆ, ಗಾಳಿ ಜೋರಾಗಿ ಎರಡನೇ ಸದ್ದು ಕೇಳಿಸದ ದಿನವೂ ಸರಿಯಾಗಿ ಅದೇ ಗಳಿಗೆಗೆ ಏಳ್ತಿತ್ತು. ಎರಡು ಸದ್ದಿನ ನಡುವಿನ ಬಿಡುವು ಅದರ ಮೈಯಲ್ಲೇ ಕೂತುಬಿಟ್ಟಿತ್ತು. "ನಮ್ಮ ಕತ್ತೆಗಳಿಗಿಂತ ಈ ನಾಯಿ ವಾಸಿ" ಅಂತ ಅಣ್ಣ ಹುಡುಗರ ಮುಂದೆಯೇ ಅನ್ನೋನು.

ಒಂದು ರಾತ್ರಿ ಚಪ್ಪಾಳೆ ತಟ್ಟಿದ. ಸದ್ದು ತಿರುಗಿ ಬಂತು... ನಾಯಿ ಓಡಲಿಲ್ಲ. ಸದ್ದು ಬಂದು ಹೋದ ಮೇಲೆ ಕಾಲೆತ್ತಿ, ಮತ್ತೆ ಇಳಿಸಿ, ಬಾವಿ ಕಡೆ ನೋಡ್ತು.

"ಏನೇ, ಮರೆತುಹೋಯ್ತಾ?" ಮತ್ತೆ ತಟ್ಟಿದ.

ಈ ಸಲ ಅವನ ಕಿವಿಗೂ ಹತ್ತಿತು. ಸದ್ದು ಬೇಗ ಬರ್ತಿದೆ. ನೀರು ಮೇಲೆ ಬಂದಿರಬೇಕು ಅಂದ್ಕೊಂಡು ಟಾರ್ಚ್ ಬಿಟ್ಟು ನೋಡಿದ. ನೀರು ಎಲ್ಲಿತ್ತೋ ಅಲ್ಲೇ... ತಳದಲ್ಲಿ, ಕಪ್ಪಗೆ.

ಮರುದಿನ ಇನ್ನೂ ಬೇಗ ಬಂತು. ಅದರ ಮರುದಿನ ಇನ್ನೂ. ಸದ್ದೂ ಬದಲಾಗ್ತಾ ಬಂತು. ಚಟ್ ಅಂತ ಒಣಗಿದ್ದದ್ದು ಚಪ್ ಅಂತ ಆಯ್ತು... ಒದ್ದೆ ಕೈಯಲ್ಲಿ ತಟ್ಟಿದ ಹಾಗೆ.

ಅಣ್ಣನಿಗೆ ಹೆದರಿಕೆಗಿಂತ ಮೊದಲು ಸಿಟ್ಟು ಬಂತು. ಇದು ಗಾರೆಯವನದೇ ಕೆಲಸ, ಒಳಗೆಲ್ಲೋ ಕೂತು ಅಣಕಿಸ್ತಿದಾನೆ ಅಂತ ನೇರ ಹೋಗಿ ಅವನ ಬಾಗಿಲು ಬಡಿದ. ಅವನು ಬಾಗಿಲನ್ನ ಒಂದು ಗೇಣು ತೆಗೆದ.

"ಮೆಲ್ಲಗೆ ಮಾತಾಡಿ. ಮಗ ಮಲಗಿದಾನೆ."

"ಬಾವೀಲಿ ಕೂತು ಚಪ್ಪಾಳೆ ತಟ್ಟೋದು ನೀನೇ ತಾನೇ?"

ಅವನು ಒಮ್ಮೆ ಒಳಗೆ ಮಗನ ಕಡೆ ತಿರುಗಿ ನೋಡಿದ.

"ಆ ಬಾವಿಗೆ ಮೆಟ್ಟಿಲೇ ಇಲ್ಲ ಮೇಷ್ಟ್ರೇ... ನೀವು ತಟ್ಟಿದ್ದಕ್ಕೆ ಅದು ತಟ್ಟುತ್ತಾ?"

"ಅದು ಅಂದ್ರೆ?"

ಗಾರೆಯವ ನಕ್ಕ. ಒಳ್ಳೆ ನಗು ಅಲ್ಲ ಅದು. "ಹಾಗಾದ್ರೆ ಚೆನ್ನಾಗಿ ಆಡಿ" ಅಂದು ಬಾಗಿಲು ಹಾಕ್ಕೊಂಡ. ಒಳಗಿಂದ ಚಿಲಕ ಬಿತ್ತು, ಟಕ್. ಆಮೇಲೆ ಅಗುಳಿಯೂ ಬಿತ್ತು.

ಮರುದಿನ ರಾತ್ರಿ ಬಾವಿಗಿಂತ ಮುಂಚಿನ ತಿರುವಿನಲ್ಲೇ ಕೆಂಚಿ ಮಲಗಿಬಿಡ್ತು. ಗುರ್ರ್ ಅಂತು. ಅಣ್ಣ ಬಿಡೋ ಜಾಯಮಾನದವನಲ್ಲ. ಕೊರಳಪಟ್ಟಿ ಹಿಡಿದು ಬಾವಿವರೆಗೂ ದರದರ ಎಳ್ಕೊಂಡು ಬಂದ. ಕಟ್ಟೆ ಮೇಲೆ ಬಗ್ಗಿದ. ಎರಡೂ ಕೈ ಅಗಲಿಸಿದ... ಕೈಗೆ ಕೈ ಇನ್ನೂ ತಾಗಿರಲಿಲ್ಲ.

ಚಪ್.

ತಳದಿಂದ ಅಲ್ಲ. ಕಟ್ಟೆಯ ಒಳಮಗ್ಗುಲಿಂದ, ಅವನ ಮುಖದ ಹತ್ತಿರದಿಂದ. ತಣ್ಣನೆ ಹನಿ ಗಲ್ಲಕ್ಕೆ ಸಿಡಿಯಿತು. ಅವನ ಕೈ ಅಗಲಿಸಿದ ಹಾಗೇ ನಿಂತುಹೋಯ್ತು.

ಕೆಂಚಿ ಬಾಲ ಮುದುರಿ ಓಡ್ತು. ಅಣ್ಣನೂ ಓಡಿದ. ಹಿಂದೆ ಯಾರೂ ಬರಲಿಲ್ಲ... ಸದ್ದು ಇದ್ದದ್ದು ಮುಂದೆ. ಪಚಕ್, ಪಚಕ್, ಪಚಕ್. ಇವನ ಹೆಜ್ಜೆ ನೆಲಕ್ಕೆ ಬೀಳೋ ಮುಂಚೆ ಅದರ ಹೆಜ್ಜೆ ಬೀಳ್ತಿತ್ತು. ನಿಲ್ಲಬೇಕು ಅಂತ ಇವನು ನಿಂತ. ಅದು ಆಗಲೇ ನಿಂತಿತ್ತು. ಇವನು ಕೆಮ್ಮಿದ... ಕೆಮ್ಮು ಮುಂದೆ ಕತ್ತಲಲ್ಲಿ ಮೊದಲು ಕೇಳಿತು.

ಅವನು ಮನೆ ಸೇರಿದಾಗ ಬಾಗಿಲು ಹಾರುಹೊಡೆದಿತ್ತು. ಅತ್ತಿಗೆ ಟವೆಲ್ ಹಿಡ್ಕೊಂಡು ನಿಂತಿದ್ದಳು. ಇವನನ್ನ ನೋಡಿ ಅವಳ ಮುಖದ ಬಣ್ಣವೇ ಹೋಯ್ತು.

"ಈಗ ತಾನೇ ಒಳಗೆ ಹೋದ್ರಲ್ಲ ರೀ..."

"ಯಾರು?"

"ನೀವೇ. ಒದ್ದೆ ಕಾಲಲ್ಲೇ ಹೋದ್ರಿ. ಕರೆದ್ರೂ ತಿರುಗಲಿಲ್ಲ."

ನಡುಮನೇಲಿ ಯಾರೂ ಇಲ್ಲ. ಅಡುಗೆಮನೆ, ಕೋಣೆ, ಮಂಚದ ಕೆಳಗೆ... ಎಲ್ಲೂ ಇಲ್ಲ. ಆದ್ರೆ ಬಂದದ್ದು ಹೊರಗೆ ಹೋಗಲಿಲ್ಲ.

ಅವತ್ತಿಂದ ಆ ಮನೇಲಿ ಅಣ್ಣನ ಸದ್ದು ಅಣ್ಣನಿಗಿಂತ ಮುಂಚೆ ಬರುತ್ತೆ. ಕುರ್ಚಿ ಕಿರ್ರ್ ಅನ್ನುತ್ತೆ, ಆಮೇಲೆ ಅವನು ಕೂರ್ತಾನೆ. ಮೊದಮೊದಲು ರೆಪ್ಪೆ ಬಡಿಯುವಷ್ಟು ಅಂತರ ಇತ್ತು. ಬರಬರುತ್ತಾ ಹಿಗ್ಗಿತು. ಆಮೇಲಾಮೇಲೆ ಗೇಟಿನ ಸದ್ದು ಕೇಳಿ ಅತ್ತಿಗೆ ಒಲೆ ಹಚ್ಚಿ ಅಡುಗೆ ಬಿಸಿಗಿಟ್ಟರೆ, ಅದು ಬಿಸಿಯಾಗೋ ಹೊತ್ತಿಗೆ ಅವನು ಬಂದು ಗೇಟು ತೆಗೀತಿದ್ದ. ಕೆಂಚಿ ಗಾರೆಯವನ ಜಗಲಿ ಸೇರಿಕೊಂಡಿದೆ. ಅಣ್ಣ ಕರೆದ್ರೆ ಹಲ್ಲು ಕಿರಿಯುತ್ತೆ.

ಹೋದ ವರ್ಷ ನಾನೇ ಹೋಗಿದ್ದೆ. ರಾತ್ರಿ ಊಟ ಆಗಿ ಅಣ್ಣ, ಅತ್ತಿಗೆ, ನಾನು ಮೂವರೂ ನಡುಮನೇಲಿ ಕೂತಿದ್ವಿ. ಆಗ ಬಚ್ಚಲಲ್ಲಿ ದಡ್ ಅಂತು... ಭಾರದ ಮೈ ನೆಲಕ್ಕೆ ಬಿದ್ದ ಹಾಗೆ. ಹಿಂದೆಯೇ ಚೊಂಬು ಉರುಳಿದ ಸದ್ದು. ಗಣಗಣ ಅಂತ ಉರುಳಿ ಉರುಳಿ ನಿಂತಿತು. ಆಮೇಲೆ ಏನೂ ಇಲ್ಲ. ಒಂದು ನರಳಾಟವೂ ಇಲ್ಲ.

ನಾನು ಹೋಗಿ ದೀಪ ಹಾಕಿದೆ. ನೆಲ ಒಣಗಿತ್ತು. ಚೊಂಬು ಬಕೆಟ್ಟಿನ ಪಕ್ಕ ನೆಟ್ಟಗೆ ಕೂತಿತ್ತು. ತಿರುಗಿ ಬಂದು ನೋಡಿದ್ರೆ ಅಣ್ಣ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದು ಕೂತಿದ್ದ. ಅತ್ತಿಗೆ ಅವನ ಮುಖ ನೋಡಲಿಲ್ಲ.

"ಯಾವಾಗ ಅಂತ ಗೊತ್ತಾಗ್ತಿಲ್ಲ ಕಣೋ" ಅಂದ, ಅಷ್ಟೇ.

ನಾನು ಸುಳ್ಳು ಹೇಳಿ ಏನಾಗಬೇಕು? ಬೇಕಾದ್ರೆ ಹೋಗಿ ನೋಡಿ. ಬಚ್ಚಲ ಬಾಗಿಲಿಗೆ ದೊಡ್ಡ ಬೀಗ ಇದೆ. ಚಳಿ ಇರಲಿ, ಮಳೆ ಇರಲಿ, ಅವನು ಹಿತ್ತಲ ನಲ್ಲಿ ಹತ್ರ ನಿಂತೇ ಸ್ನಾನ ಮಾಡ್ತಾನೆ.