ದೊಡ್ಡ ವಿಮಾನದ ಸದ್ದು

ಗಂಡನ ಅಂತ್ಯಕ್ರಿಯೆಯ ನಂತರದ ಮೊದಲ ಮಾಮೂಲಿ ಬೆಳಿಗ್ಗೆ, ಅವನು ಸಾಮಾನು ಹೇರುತ್ತಿದ್ದ ಪುಟ್ಟ ವಿಮಾನ ನಿಲ್ದಾಣಕ್ಕೆ ಅವಳು ಬಂದಳು. ಮಂಜಿನಲ್ಲಿ ರನ್‌ವೇ ತೇಲುತ್ತಿರುವಂತಿತ್ತು. ಅವಳ ಬೆನ್ನ ಹಿಂದೆ ಗಂಡನ ಜೊತೆಗಾರರಿಬ್ಬರು, ಒಬ್ಬ ಹಿರಿಯ, ಒಬ್ಬ ಕಿರಿಯ, ಅವಳನ್ನು ಗಮನಿಸದೆ ಮಾತಿಗಿಳಿದಿದ್ದರು.

“ಇವತ್ತಿಂದ ಎಪ್ಪತ್ತು ಸೀಟಿನ ವಿಮಾನ ಅಂತೆ, ಮಾವ.”

“ತುಂಬೋಕೆ ಜನ ಎಲ್ಲಿದ್ದಾರೋ? ಚಿಕ್ಕದೇ ಅರ್ಧ ಖಾಲಿ ಹಾರ್ತಿತ್ತು.”

“ಸದ್ದಂತೂ ತುಂಬಿರತ್ತೆ. ನಿನ್ನ ಕಿವಿಗವಸು ಎಲ್ಲಿ?”

“ಅವನು ಇಸ್ಕೊಂಡಿದ್ದ. ಅವನ ಮನೇಲೇ ಉಳೀತು.”

“ಹೋಗಿ ಕೇಳು.”

“ಗಂಡನ್ನ ಕಳ್ಕೊಂಡಿರೋ ಹುಡುಗಿ ಹತ್ರ ಯಾವ ಮುಖ ಇಟ್ಕೊಂಡು ಕೇಳ್ಲಿ? ಹತ್ತಿ ತುರುಕ್ಕೋತೀನಿ ಬಿಡು.”

“ಕಿವುಡಾದ್ರೆ ಅತ್ತೆ ಬೈಗುಳ ತಪ್ಪತ್ತೆ.”

“ಅದೊಂದೇ ಲಾಭ.”

ರಾತ್ರಿಯೆಲ್ಲ ಅವಳು ಆ ಕಿವಿಗವಸು ಹಾಕಿಕೊಂಡೇ ಮಲಗಿದ್ದಳು. ಅದರೊಳಗೆ ಗಂಡ ಎಲ್ಲೋ ದೂರದಲ್ಲಿ ಉಸಿರಾಡುತ್ತಿರುವಂತೆ ಕೇಳುತ್ತಿತ್ತು. ಈಗ ಅದನ್ನು ಚೀಲದಿಂದ ತೆಗೆದು ಹಿರಿಯನ ಕೈಗಿಟ್ಟಳು. ಅವನು ಅದನ್ನು ಕಿವಿಗೇರಿಸಿಕೊಂಡ. ಜೊತೆಗಾರರಿಬ್ಬರೂ ಮಂಜಿನೊಳಗೆ ನಡೆದರು. ಇಳಿಯುತ್ತಿದ್ದ ವಿಮಾನದ ಸದ್ದು ಅವಳ ಬರಿಗಿವಿಗಳನ್ನು ತುಂಬಿತು.