ಹತ್ತು ಸಲವೂ ಒಂದೇ

ಅಯ್ಯೋ ಬಿಡು ಅಕ್ಕ, ಆ ಸೋಲ್ಡರಿಂಗ್ ಐರನ್ ಯಾಕೆ ಡಬ್ಬಕ್ಕೆ ತುಂಬ್ತಾ ಇದ್ದೀಯ? ಇಡು ಕೆಳಗೆ. ಇಡು ಅಂದ್ನಲ್ಲ! ಇಪ್ಪತ್ತು ವರ್ಷ ಈ ಮೇಜಿನ ಮುಂದೆ ಕೂತು ಆಂಪ್ಲಿಫೈಯರ್ ಕಟ್ಟಿದವಳು, ನಿನ್ನೆ ಸಂಜೆಯ ಒಂದು ಆಟಕ್ಕೆ ಎಲ್ಲಾ ಗಂಟು ಕಟ್ಟೋದಾ?

ಆಟವೇ ಮತ್ತೆ! ಇನ್ನೇನು? ಅಂಗಡಿ ತುಂಬ ಜನ ಸೇರಿಸಿ ಪರದೆ ಕಟ್ಟಿದ್ದು ಭಾವ. ನೀನು ಕಟ್ಟಿದ್ದಕ್ಕೂ ಅವರು ಮಾರೋ ಕಂಪನಿ ಮಾಲಿಗೂ ಮೀಟರಲ್ಲಿ ಅಳೆದಾಗ ಸದ್ದಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಂತು. ಅಷ್ಟು ಸಣ್ಣದು ಮನುಷ್ಯರ ಕಿವಿಗೆ ಕೇಳಲ್ಲ ಅಂದ್ರು ಅವರು. ನನಗೆ ಕೇಳುತ್ತೆ ಅಂದೆ ನೀನು. ಅಷ್ಟೇ ತಾನೇ? ಗಂಡ ಹೆಂಡ್ತಿ ಜಗಳ! ನಡುವೆ, ಪರದೆ ಹಿಂದೆ ಕೂತು ಸ್ವಿಚ್ ತಿರುಗಿಸೋಕೆ ಸಿಕ್ಕಿಬಿದ್ದವನು ನಾನು.

ನಗಬೇಡ ಹಾಗೆ. ಅಂಥ ನಗು ನನಗೆ ನೋಡೋಕಾಗಲ್ಲ.

ಹೌದು, ಮೊದಲು ಕಂಪನೀದು ಹಾಡಿಸಿ, ಆಮೇಲೆ ಹತ್ತು ಸಲ ಟಕ್ ಟಕ್ ಅಂತ ತಿರುಗಿಸಿದೆ. ಆಂಪ್ಲಿಫೈಯರ್ ಬದಲಾಯ್ತಾ ಇಲ್ವಾ ನೀನು ಹೇಳಬೇಕು. ಕಣ್ಣು ಮುಚ್ಕೊಂಡು "ಬದಲಾಗಿಲ್ಲ, ಕಂಪನೀದೇ" ಅಂದೆ. ಮತ್ತೆ "ಬದಲಾಗಿಲ್ಲ". ಮತ್ತೆ... ಹತ್ತನೇ ಸಲವೂ ಅದನ್ನೇ ಅಂದು ಕಣ್ಣು ಬಿಟ್ಟೆ. "ನೋಡಿದ್ರಾ, ಹತ್ತರಲ್ಲಿ ಒಂದು ಸಲವೂ ಕಟ್ಟಿದವಳಿಗೇ ತನ್ನದರ ಗುರುತು ಸಿಗಲಿಲ್ಲ!" ಅಂತ ಭಾವ ಚಪ್ಪಾಳೆ ತಟ್ಟಿದ್ರು.

ಏನಂದೆ? ಕಿವಿ ಹೋಯ್ತಾ? ಥೂ, ಬಿಡ್ತು ಅನ್ನು! ನಿನ್ನ ಕಿವಿಗೆ ಏನೂ ಆಗಿಲ್ಲ. ಡಾಕ್ಟರ್ ಗೀಕ್ಟರ್ ಏನೂ ಬೇಡ. ನನಗೆ ಗೊತ್ತು. ಹೇಗೆ ಅಂದ್ರೆ... ಗೊತ್ತು ಅಷ್ಟೇ! ನಿನ್ನ ಆಂಪ್ಲಿಫೈಯರಿಂದ ಹಾಡು ಬಂದಿದ್ರೆ ತಾನೇ ನಿನಗೆ...

ಏನಿಲ್ಲ. ಏನೋ ಬಾಯಿಗೆ ಬಂತು, ಅಂದೆ. ತುಂಬು, ತುಂಬು... ನಾನೂ ಕೈ ಹಾಕ್ತೀನಿ.

ಅಕ್ಕ? ಯಾಕೆ ಕೈ ನಿಂತೋಯ್ತು? ಹಾಗೆ ನೋಡಬೇಡ. ಬೈಯಿ. ಬೇಕಾದ್ರೆ ಎರಡು ಬಿಗಿ. ಸ್ಕ್ರೂಡ್ರೈವರ್ ಯಾಕೆ ತಗೊಂಡೆ? ನಿನ್ನ ಆಂಪ್ಲಿಫೈಯರ್ ಬಿಚ್ಚಬೇಡ! ಬಿಚ್ಚಬೇಡ, ನಾನೇ ಹೇಳ್ತೀನಿ.

ಜನ ಬರೋಕೆ ಮುಂಚೆ ಇನ್ನೊಂದು ಸಲ ಅಳೆಯೋಣ ಅಂತ ನಿನ್ನದಕ್ಕೆ ಮೀಟರಿನ ಮೊನೆ ಇಟ್ಟೆ. ಕೈ ಜಾರ್ತು. ಟ್ರಾನ್ಸಿಸ್ಟರಿನ ಎರಡು ಕಾಲಿಗೆ ಒಟ್ಟಿಗೆ ತಾಗಿ ಚಟ್ ಅಂತು. ಹೊಗೆ. ಸುಟ್ಟೇ ಹೋಯ್ತು. ಎರಡು ವರ್ಷ ಕೂತು ಅದೊಂದನ್ನೇ ಕಟ್ಟಿದ್ದೆ ನೀನು... ಹೇಗೆ ಹೇಳಲಿ? ಬಾಗಿಲಿಗೆ ಜನ ಬಂದೇಬಿಟ್ರು. ನಾನು ಬರೀ ಸ್ವಿಚ್ ಸದ್ದು ಮಾಡ್ತಾ ಕೂತೆ. ಹತ್ತು ಸಲವೂ ಹಾಡಿದ್ದು ಕಂಪನೀದೇ. ನಿನಗೂ ಗೊತ್ತಾಗಲ್ಲ ಅಂತ ನಾನೂ ನಂಬಿದ್ದೆ ಅಕ್ಕ, ಭಾವನ ಹಾಗೆ. ಅಂದಾಜಿಗೆ ಏನೋ ಹೇಳ್ತೀಯ, ಐದು ಸರಿ ಐದು ತಪ್ಪು ಅಂತ ಸಾರಿಬಿಟ್ರಾಯ್ತು ಅಂತ...

ನಿನ್ನದು ಬೇರೆ ಥರ ಕೇಳುತ್ತಾ ಇಲ್ವಾ, ನನಗೆ ಇವತ್ತಿಗೂ ಗೊತ್ತಿಲ್ಲ. ಆದ್ರೆ ಬದಲಾಗಿಲ್ಲ ಅಂದೆಯಲ್ಲ, ಹತ್ತಕ್ಕೆ ಹತ್ತೂ ಸರಿ. ಅಷ್ಟು ಜನ ನಿನ್ನ ನೋಡಿ ನಗ್ತಾ ಇದ್ದಾಗ ಅದು ಗೊತ್ತಿದ್ದವನು ನಾನೊಬ್ಬನೇ.