ಒಂದು ಗೇಣು ಎತ್ತರ

ಬಸ್ ಸ್ಟಾಪಿನ ಬೆಂಚಿನಲ್ಲಿ ನನ್ನ ಪಕ್ಕದಲ್ಲೇ ಕುಳಿತಿದ್ದರು: ಕೈಗೆಲ್ಲ ಬಣ್ಣ ಮೆತ್ತಿಕೊಂಡ ಮಗಳು, ಟವರುಗಳಿಗೆ ಬಣ್ಣ ಬಳಿದೇ ತಲೆ ನರೆತ ಅವಳ ಅಪ್ಪ.

“ನೀರಿನ ಟ್ಯಾಂಕ್ ಹತ್ತಿದಾಗ ಮೆಟ್ಟಿಲಿದೆ ಬಿಡು ಅಂದ್ರಿ. ಮೊಬೈಲ್ ಟವರ್ ಹತ್ತಿದಾಗ ಏಣಿ ಇದೆ ಬಿಡು ಅಂದ್ರಿ.”

“ಈಗ್ಲೂ ಅಂತೀನಿ. ಗಡಿಯಾರದ ಗೋಪುರದ ತುದಿ ಮುಟ್ಟಿದವರೇ ಪೇಂಟರ್.”

“ಇವತ್ತು ಮುಟ್ಟಿದೆ ಅಪ್ಪ.”

“ಯಾರು ನೋಡಿದ್ರು?”

“ತುದೀಲಿ ನಿಮ್ಮ ಹೆಸರು ಬರೆದಿದ್ದೀರಲ್ಲ, ಕೆಳಗಿಂದ ಯಾರಿಗೂ ಕಾಣದ ಹಾಗೆ.”

ಅಪ್ಪ ಗಾಬರಿಯಾದರು. “ಅಳಿಸಿಬಿಟ್ಟೆಯೇನೇ?”

“ಇಲ್ಲಪ್ಪ, ಸುತ್ತ ಬಳಿದು ಅದನ್ನ ಹಾಗೇ ಬಿಟ್ಟೆ. ಅದಕ್ಕಿಂತ ಒಂದು ಗೇಣು ಎತ್ತರದಲ್ಲಿ ನನ್ನದು ಬರೆದೆ.”

“ಅಯ್ಯೋ ಕಳ್ಳಿ! ಅಲ್ಲಿಗೆ ನನ್ನ ಕೈಯೇ ಎಟುಕಿರ್ಲಿಲ್ಲ ಕಣೇ!”

ಬಸ್ ಬಂತು. ಅವಳ ಹಗ್ಗದ ಸುರುಳಿಯನ್ನು ಅಪ್ಪನೇ ಹೆಗಲಿಗೇರಿಸಿಕೊಂಡರು.

“ಸರೀರಿ, ದಾರಿ ಬಿಡಿ,” ಎಂದು ಬಾಗಿಲಲ್ಲಿ ನಿಂತವರಿಗೆ ಕೂಗಿದರು, “ಪೇಂಟರ್ ಹತ್ತಬೇಕು!”